ಅರ್ಧ ಉಳಿದ ಪೆನ್ಸಿಲಿನ್

೧೯೬೮ರ ಮೇ ೧೪, ಬೆಳಿಗ್ಗೆ ಎಂಟು ಗಂಟೆ. ಸಬ್‌ಇನ್‌ಸ್ಪೆಕ್ಟರ್ ಜಂಬಣ್ಣ ಮಸ್ಕಿ ಠಾಣೆಯ ಮುಂದೆ ಸೈಕಲ್ ಇಳಿಯುವ ಮೊದಲೇ, ಮೆಟ್ಟಿಲ ಮೇಲೆ ಕುಳಿತಿದ್ದ ಹೆಂಗಸು ಎದ್ದು ನಿಂತಳು. ಸಂತೆಕಲ್ಲೂರಿನ ಕುರಿಗಾರರ ಅಮರಮ್ಮ.

“ನಮ್ಮೂರಾಗ ಔಷಧ ಕೊಡೋ ಸೂಜಿ ಮರಿಸ್ವಾಮಿ ನನ್ನ ಮಗನ್ನ ಕೊಂದಾನ್ರೀ. ಬರಕೋರಿ.”

“ವಿಷ ಹಾಕಿದ್ನೇನು?”

“ಏನು ಹಾಕಿದ್ನೋ! ಸೂಜಿ ಚುಚ್ಚಿದ, ಜ್ವರ ಇಳದ್ವು. ಮಗ ದ್ಯಾವಪ್ಪ ಎದ್ದು ರೊಟ್ಟಿ ತಿಂದ. ‘ಗುಣ ಆತು, ಇನ್ನ ಸಾಕು’ ಅಂದು ಮರಿಸ್ವಾಮಿ ಸೂಜಿ ನಿಲ್ಲಿಸಿಬಿಟ್ಟ. ಜ್ವರ ತಿರುಗಿ ಬಂದ್ವು. ಮತ್ತ ಚುಚ್ಚಿದ. ನಿನ್ನೆ ಮಣ್ಣು ಕೊಟ್ಟು ಬಂದೀವಿ.” ಅವಳು ಸೆರಗು ಕಚ್ಚಿಕೊಂಡಳು. “ಈಗ ಮಗಳು ಗ್ಯಾನಮ್ಮ ಮಲಗ್ಯಾಳ. ಆಕಿ ಕೆಮ್ಮಿದ್ರ ಸತ್ತ ಹುಡುಗನ ದನಿ ಕೇಳತೈತ್ರೀ.”

ಎಫ್‌ಐಆರ್ ದಾಖಲಾಯಿತು. ಜಂಬಣ್ಣ ಕಾನ್‌ಸ್ಟೇಬಲ್ ಜಂಗ್ಲಿಸಾಬನೊಂದಿಗೆ ಹೊರಟ. ಅಮರಮ್ಮನ ಮನೆಯಲ್ಲಿ ಹುಡುಗಿಯ ಎದೆ ಕುಲುಮೆಯ ತಿದಿಯಂತೆ ಏರಿಳಿಯುತ್ತಿತ್ತು. ಹಿಂದಿನ ಸಂಜೆ, ಅಣ್ಣನನ್ನು ಹೂತು ಬಂದ ಮೇಲೆ, ಅವಳಿಗೂ ಅದೇ ಸೂಜಿ ಬಿದ್ದಿತ್ತು.

“ತನಿಖೆ ಆಮ್ಯಾಲೆ. ಮೊದಲ ಇಕಿನ್ನ ಲಿಂಗಸುಗೂರ ದವಾಖಾನಿಗೆ ಹಾಕು,” ಎಂದು ಜಂಬಣ್ಣ ಕೂಗಾಡಿದ. ಜಂಗ್ಲಿಸಾಬ ಜೋಳದ ಲಾರಿಯೊಂದನ್ನು ತಡೆದು ತಾಯಿ ಮಗಳನ್ನು ಹತ್ತಿಸಿದ.

ಮರಿಸ್ವಾಮಿಯ ಮನೆ ಶೋಧಿಸುವಾಗ ಸಾಕ್ಷಿಗೆ ಪಂಚರಾಗಿ ಊರಿನ ಗಾಳೆಪ್ಪ ಮತ್ತು ಇನ್ನೊಬ್ಬರು ಬಂದರು. ಮರಿಸ್ವಾಮಿ ಓಡಲಿಲ್ಲ, ತಾನೇ ಬಾಗಿಲು ತೆರೆದ. ಮೂಲೆಯಲ್ಲಿ ಒದ್ದೆ ಮರಳಿನ ಗಡಿಗೆ. ಮರಳಿನಲ್ಲಿ ಕುತ್ತಿಗೆಯವರೆಗೆ ಹೂತ ಪೆನ್ಸಿಲಿನ್ ಬಾಟಲಿಗಳು. ಎಲ್ಲವೂ ಅರ್ಧ ತುಂಬಿದ್ದವು.

“ಇವನ್ನ ಯಾಕ ಉಳಿಸಿದಿ?”

“ನೆಲದಾಗ ತೋಡಿದ ಹಗೇವಿನ್ಯಾಗಿನ ಜ್ವಾಳ ಪೂರಾ ಬಳೀತಾರೇನ್ರೀ? ಬಿತ್ತಾಕ ಒಂದು ಬೊಗಸಿ ಬಿಡ್ತಾರ.”

“ಇದು ಜ್ವಾಳ ಅಲ್ಲೋ ಹುಚ್ಚಪ್ಪಾ!” ಎಂದು ಗಾಳೆಪ್ಪ ಗದರಿದ. “ನನ್ನ ಕುಂಡಿಗೂ ಇದನ್ನ ಚುಚ್ಚಿಯಲ್ಲ!”

 ಪಂಚನಾಮೆ ಬರೆದು ಬಾಟಲಿಗಳನ್ನು ಜಪ್ತಿ ಮಾಡಿದರು. ಮರುದಿನ ತಹಶೀಲ್ದಾರರ ಎದುರು ಹೆಣ ತೆಗೆಸಿ ಪರೀಕ್ಷೆ ಮಾಡಿಸಿದರು. ವಿಷವಿರಲಿಲ್ಲ. ಎರಡೂ ಪುಪ್ಪುಸಗಳಲ್ಲಿ ಕೀವು ತುಂಬಿತ್ತು.

ಲಿಂಗಸುಗೂರಿನ ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದರು. “ನೀರಲ್ಲಿ ಕಲಸಿದ ಪೆನ್ಸಿಲಿನ್ ಈ ಬಿಸಿಲಿಗೆ ಸತ್ವ ಕಳಕೊಳ್ಳುತ್ತೆ. ಅದನ್ನೂ ಅರ್ಧ ಕೊಟ್ಟಿದ್ದಾನೆ, ನಡುವೆ ನಿಲ್ಲಿಸಿದ್ದಾನೆ. ಮೆತ್ತಗಿನ ರೋಗಾಣು ಸತ್ತವು. ಗಟ್ಟಿ ಇದ್ದವು ಬದುಕಿ ಬೆಳೆದವು.”

“ಹುಡುಗಿ?”

“ಪೂರಾ ಔಷಧ ಪೂರಾ ದಿನ ಬಿದ್ದರೆ ಉಳೀತಾಳೆ. ನಡುವೆ ಕರಕೊಂಡು ಹೋದರೆ ಹೇಳಲಾರೆ.”

ಜ್ವರ ಇಳಿದ ದಿನವೇ ಅಮರಮ್ಮ ಗಂಟು ಕಟ್ಟಿದಳು. “ಆರಾಮ್ ಆಗ್ಯಾಳ್ರೀ. ಕುರಿ ಅಡವ್ಯಾಗ ಅದಾವ.”

ಜಂಬಣ್ಣ ಗಂಟನ್ನು ಕಸಿದು ಮಂಚದಡಿ ಎಸೆದ. “ನಿನ್ನ ಮಗಾನೂ ಎದ್ದು ರೊಟ್ಟಿ ತಿಂದಿದ್ದ. ಮರತಿಯೇನು?”

ಅವಳು ನೆಲದ ಮೇಲೆ ಕುಸಿದು ಕುಳಿತಳು. ಆಮೇಲೆ ಕದಲಲಿಲ್ಲ. ಡಾಕ್ಟರು ಬಿಡುವವರೆಗೂ ಮಗಳ ಕಾಲು ಹಿಡಿದುಕೊಂಡೇ ಇದ್ದಳು.

ಮೇ ೨೪ರಂದು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಮರಿಸ್ವಾಮಿಯ ದಸ್ತಗಿರಿಯಾಯಿತು. ಠಾಣೆಯಲ್ಲಿ ಅವನು ಹೇಳಿಕೆ ಕೊಟ್ಟ. ಸಿಂಧನೂರಿನ ಕಡೆ ಕಾಲುವೆ ಅಗೆಯುವಾಗ ಅವನು ಕೂಲಿಗಳ ಕ್ಯಾಂಪಿನಲ್ಲಿ ಕಂಪೌಂಡರ್. ಅಲ್ಲಿ ಒಮ್ಮೆ ಜ್ವರ ಹಬ್ಬಿತು. ಇದ್ದ ಪೆನ್ಸಿಲಿನ್ನನ್ನೆಲ್ಲ ಕೂಲಿಗಳಿಗೆ ಚುಚ್ಚಿದ. ಆಮೇಲೆ ಅವನ ಮಗಳು ಸಂಗಮ್ಮ ಮಲಗಿದಳು. ಬಾಟಲಿಗಳೆಲ್ಲ ಖಾಲಿಯಿದ್ದವು. ಹೊಸ ಪೆಟ್ಟಿಗೆ ಬರುವಷ್ಟರಲ್ಲಿ ಅವಳಿಗೆ ಮಣ್ಣು ಕೊಟ್ಟಾಗಿತ್ತು. ಆಮೇಲೆ ಅವನು ಯಾರಿಗೂ ಒಂದು ಬಾಟಲಿಯನ್ನು ಪೂರಾ ಚುಚ್ಚಲಿಲ್ಲ.

ಜಂಗ್ಲಿಸಾಬ ಲಾಕಪ್ಪಿನ ಕೀಲಿ ತಿರುವಿದ. ಮರಿಸ್ವಾಮಿ ಸರಳು ಹಿಡಿದು ನಿಂತ.

“ಆ ಹುಡುಗಿ ಹ್ಯಾಂಗದಾಳ್ರೀ?”

“ಬದುಕ್ಯಾಳ,” ಎಂದ ಜಂಬಣ್ಣ.

“ಔಷಧ ಎಲ್ಲಾ ಹಾಕಿಬಿಟ್ರಾ?”

“ಹೂಂ. ಹನಿ ಉಳಿಸಿಲ್ಲ.”

ಮರಿಸ್ವಾಮಿ ಸರಳಿಗೆ ಮುಖ ಒತ್ತಿದ.

“ಹಂಗಾರ ಸಂಗಮ್ಮ ಬಂದ್ರ ಏನು ಹಾಕ್ಲಿ, ಸಾಹೇಬ್ರ?”