ಅಪ್ಪ ಬಿಟ್ಟುಹೋದ ಎಲ್ಮ್ ಮರ

"ಯಾರನ್ನ ಕೇಳಿ ಕಡಿದ್ರಿ?!"

ಧನ್ಯಾಳ ಕೂಗಿಗೆ ಹಾಸನದ ಆ ನರ್ಸರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಚಪ್ಪಟೆ ಕುಂಡದಲ್ಲಿ ಮೊಳದುದ್ದದ ಬೋಳು ಕಾಂಡ... ಅಪ್ಪ ಇಪ್ಪತ್ತೆರಡು ವರ್ಷ ಕುಳ್ಳಗೇ ಇಟ್ಟು ಸಾಕಿದ ಎಲ್ಮ್ ಮರದ ಬೋನ್ಸಾಯ್! ಒಂದೊಂದು ಕೊಂಬೆಗೂ ತಂತಿ ಸುತ್ತಿ ಬಗ್ಗಿಸಿದ್ದ ಅಪ್ಪ ತೀರಿಕೊಂಡು ಮೂರು ತಿಂಗಳು. ಎಲೆ ಉದುರುತ್ತಿದೆಯೆಂದು ಅರಕಲಗೂಡಿನಿಂದ ತಂದುಕೊಟ್ಟವಳು ಅವಳೇ.

"ಕೊಂಬೆ ಒಳಗೇ ಒಣಗಿದ್ವು ಮೇಡಂ. ಬಿಟ್ಟಿದ್ರೆ ಕಾಂಡನೂ ಹೋಗ್ತಿತ್ತು," ಎಂದ ನರ್ಸರಿಯ ಗೌತಮ್.

"ನಂಗೊಂದು ಮಾತು ಹೇಳ್ಬಾರ್ದಿತ್ತಾ? ಅದು ನಮ್ಮಪ್ಪ ಮುಟ್ಟಿದ್ದ ಕೊಂಬೆ!"

ಅವನು ಏನೋ ಹೇಳಹೋಗಿ ತಲೆ ತಗ್ಗಿಸಿದ. "ತಪ್ಪಾಯ್ತು."

ಕುಂಡವನ್ನು ಎದೆಗವಚಿಕೊಂಡು ಅವಳು ಬಸ್ಸು ಹತ್ತಿದಳು.

ಮನೆಯಲ್ಲಿ ಅಣ್ಣ ಅನಿಲ್‌ಕುಮಾರ್, "ಓ, ಕಡ್ದೇಬುಟ್ನಾ? ಆ ನರ್ಸರಿಯವ್ನು ನಿನ್ ಫೋನಿಗೆ ಮಾಡಿದ್ದ ಕಣೇ. ನಾನೇ ಎತ್ತಿ, ಕಡಿಯಪ್ಪ ಅಂದೆ. ನಿಂಗೇಳಾದೇ ಮರ್ತೋಯ್ತು," ಎಂದ.

ಧನ್ಯಾ ಕುಂಡವನ್ನು ಕೆಳಗಿಟ್ಟಳು. 'ಮತ್ತೆ ಗೌತಮ್ ಸುಮ್ಮನೆ ಯಾಕೆ ಬೈಸಿಕೊಂಡರು?'

ಮರುದಿನವೇ ನರ್ಸರಿಗೆ ಹೋಗಿ ಅವನನ್ನೇ ಕೇಳಿದಳು.

"ಅಪ್ಪನ್ನ ಕಳ್ಕೊಂಡಿದೀರಿ. ಅಣ್ಣನ ಮೇಲೂ ಕೋಪ ಬೇಡ ಅನ್ನಿಸ್ತು..."

"ಹಾಗಾದ್ರೆ ಮನೆಗೆ ಬಂದು ನೀವೇ ಅದನ್ನ ಉಳಿಸಿಕೊಡಿ," ಎಂದಳು ಅವಳು.

ಅಂದಿನಿಂದ ಭಾನುವಾರಗಳಲ್ಲಿ ಗೌತಮ್ ಅರಕಲಗೂಡಿಗೆ ಬರತೊಡಗಿದ. ತಿಂಗಳಾಗುವಷ್ಟರಲ್ಲಿ ಕಾಂಡದ ತುಂಬ ಸಾಸಿವೆಯಷ್ಟು ಚಿಗುರು! ಐದನ್ನು ಉಳಿಸಿ, ಮಿಕ್ಕಿದ್ದನ್ನು ಇಬ್ಬರೂ ಚಿವುಟಿದರು.

"ಇವು ಉದ್ದ ಬೆಳೀಲಿ, ದಪ್ಪ ಆಗ್ತವೆ. ಆಮೇಲೆ ಕತ್ರಿಸಾನ," ಎಂದ ಗೌತಮ್.

ಎರಡು ಮಳೆಗಾಲ ಹಾಗೇ ಬೆಳೆಸಿದರು, ಕತ್ತರಿಸಿದರು, ಮತ್ತೆ ಬೆಳೆಸಿದರು.

ಆಮೇಲೊಂದು ಭಾನುವಾರ ಅವನು ಬರಲಿಲ್ಲ. ಮುಂದಿನ ವಾರವೂ ಇಲ್ಲ... ಧನ್ಯಾ ಕೊಣನೂರಿನ ಅವನ ಮನೆಗೇ ಹೋದಳು.

"ಯಾಕೆ ಬರ್ಲಿಲ್ಲ?"

"ಕೊಂಬೆಗಳು ಆಕಾರಕ್ಕೆ ಬಂದು ಕೂತಿವೆ. ಇನ್ನು ನನ್ನ ಕೆಲಸ ಏನೂ ಇಲ್ಲ ಮೇಡಂ."

"ನಿಜ ಹೇಳಿ."

ಅವನು ನೆಲ ನೋಡುತ್ತ ಹೇಳಿದ. "ಗಿಡಕ್ಕೋಸ್ಕರ ಬರೋದು ಯಾವತ್ತೋ ನಿಂತೋಗಿತ್ತು ಧನ್ಯಾ. ನಿಮಗೋಸ್ಕರ ಬರ್ತಿದ್ದೆ. ನಮ್ಮ ಜಾತಿ ಗೊತ್ತಲ್ಲ... ನಿಮ್ಮನೇಲಿ ಒಪ್ತಾರಾ?"

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು!

"ನಿಮ್ಮನ್ನೇ ಮದ್ವೆ ಆಗ್ತೀನಿ ಅಂತ ಅಮ್ಮಂಗೆ ಹೇಳ್ಬುಟ್ಟೆ. ಎರಡು ದಿನದಿಂದ ಮಾತಾಡ್ತಿಲ್ಲ. ಅಣ್ಣ ಮಾತ್ರ ಇವತ್ತು ಬಸ್‌ಸ್ಟ್ಯಾಂಡ್ ತನಕ ಬಂದು ಹತ್ತಿಸ್ದ." ಅವಳು ಕಣ್ಣೊರೆಸಿಕೊಂಡಳು. "ಅಮ್ಮ ಒಪ್ಪೋಗಂಟ ಕಾಯಾನ. ಆದ್ರೆ ಜೊತೇಲಿ ಕಾಯಾನ."

ಗೌತಮ್ ಅಡುಗೆಮನೆಯತ್ತ ನೋಡಿದ.

"ಊಟ ಆಯ್ತಾ?"

"ಇಲ್ಲ."

"ಅವ್ವ ಮುದ್ದೆ ಮಾಡವ್ಳೆ..." ಅವನು ಅಳುಕಿದ. "ನಮ್ಮನೇಲಿ ಉಣ್ತೀಯಾ?"

ಧನ್ಯಾ ಕೈ ತೊಳೆದು ಬಂದು ಒಲೆಯ ಪಕ್ಕ ಕೂತಳು.

"ನೀನೂ ಕೂತ್ಕೋ ಗೌತಮ್. ಒಟ್ಟಿಗೇ ಉಣ್ಣಾನ."