ಹೊನ್ನಬ್ಬೆ ಗುಡ್ಡಕ್ಕೆ ಕೊಟ್ಟ ಮಾತು

ಏಳು ಹೊಳೆಗಳು ಒಂದೇ ಬಾವಿಯಲ್ಲಿ ಹುಟ್ಟುತ್ತಿದ್ದ ಕಾಲದಲ್ಲಿ ಸುರಗಿನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಬಡಗಣ ಗಡಿಯಲ್ಲಿ ಹೊನ್ನಬ್ಬೆ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಚಿನ್ನದ ಗಣಿ. ಅರಮನೆಯ ಕಳಶದಿಂದ ಹಿಡಿದು ರಾಣಿಯ ಮೂಗುತಿಯವರೆಗೆ ಎಲ್ಲ ಚಿನ್ನವೂ ಅಲ್ಲಿಂದಲೇ ಬಂದದ್ದು. ಅಗೆಯುತ್ತ ಅಗೆಯುತ್ತ ಒಂದು ದಿನ ಚಿನ್ನ ಮುಗಿಯಿತು. ಗಣಿಯವರು ಗುದ್ದಲಿ ಹೆಗಲಿಗೇರಿಸಿ ಕೆಳಗಿಳಿದು, ಬುಡದ ಹಳ್ಳಿಯಲ್ಲಿ ರಾಗಿ ಬಿತ್ತಿಕೊಂಡು ಬದುಕಿದರು. ಮೂರು ತಲೆಮಾರು ಕಳೆಯಿತು. ಗುಡ್ಡದ ಮೇಲೆ ಕಾಡು ಬೆಳೆಯಿತು.

ಇಷ್ಟೇ ಆಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಇಳಿಯುವ ದಿನ ಗಣಿಯವರು ಒಂದು ಮಾತು ಆಡಿದ್ದರು. ಹೊಸಲು ದಾಟುವವರು "ಹೋಗ್ತೀನಿ" ಅನ್ನುತ್ತಾರೆಯೇ? ಬಿಡ್ತು ಅನ್ನಿ. "ಬರ್ತೀನಿ" ಅನ್ನಬೇಕು. ಅವರೂ ಹಾಗೆಯೇ ಗುಡ್ಡಕ್ಕೆ ಕೈಮುಗಿದು "ಬರ್ತೀವಮ್ಮ" ಅಂದರು. ರೂಢಿಯ ಮಾತು, ಆಡಿದರು, ಮರೆತರು. ಆದರೆ ಗೂಗೆಸಿದ್ಧ ಎಂಬ ಮಾಂತ್ರಿಕ ಬಂಡೆಯ ಮರೆಯಲ್ಲಿ ಕೂತು ಕೇಳಿಸಿಕೊಂಡ. ಆ ಮಾತನ್ನು ಹಿಡಿದು ತಾಮ್ರದ ಭರಣಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದ.

ಗುಡ್ಡದಲ್ಲಿ ಚಿನ್ನ ಮುಗಿದಿತ್ತು, ಅವನ ಆಸೆ ಮುಗಿದಿರಲಿಲ್ಲ. ವರ್ಷಕ್ಕೊಮ್ಮೆ ಅವನು ಮುಚ್ಚಳ ತೆಗೆಯುತ್ತಿದ್ದ. ಆಗ ಹಳ್ಳಿಯಲ್ಲಿ ಯಾರಾದರೂ ಒಬ್ಬರ ಕಿವಿಗೆ, "ಬರ್ತೀವಿ ಅಂದಿದ್ರಲ್ಲ, ಬನ್ನಿ" ಎಂಬ ಕರೆ ಕೇಳುತ್ತಿತ್ತು. ಕೇಳಿದವರು ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗಿ, ಗಣಿಯೊಳಗೆ ಬರಿಗಲ್ಲನ್ನು ಅಗೆಯುತ್ತಿದ್ದರು. ಒಂಬತ್ತನೆಯ ದಿನ ಹೊತ್ತು ಮುಳುಗುವಾಗ ತಾವೂ ಕಲ್ಲಾಗುತ್ತಿದ್ದರು.

ಈ ಸಲ ಎದ್ದು ಹೋದವನು ಕೆಂಚಪ್ಪ. ಅವನ ತಂಗಿ ಮಾಳವ್ವ. ತಂದೆತಾಯಿ ಇಲ್ಲದ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ. ಅಣ್ಣನಿಲ್ಲದ ಮನೆಯಲ್ಲಿ ಅವಳಿಗೆ ತುತ್ತು ಇಳಿಯಲಿಲ್ಲ. ರಾಜ ಸೈನ್ಯ ಕಳಿಸುತ್ತಾನೆಂದು ಎಂಟು ದಿನ ಕಾದಳು. ಹಿಂದೆ ಮೂರು ಸಲ ಕಳಿಸಿದ್ದನಂತೆ, ಮೂರು ಸಲವೂ ಹೋದವರು ಹೋದಷ್ಟೇ ಬೇಗ ಓಡಿಬಂದಿದ್ದರಂತೆ, ಒಬ್ಬನ ಕಾಲಲ್ಲೂ ಚಪ್ಪಲಿ ಉಳಿದಿರಲಿಲ್ಲವಂತೆ. ಆಮೇಲೆ ರಾಜನಿಗೆ ಗುಡ್ಡದ ಹೆಸರು ಎತ್ತಿದರೆ ಕೆಮ್ಮು ಬರುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಮಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಹೊರಟಳು. ಊರಾಚೆ ಕೂತಿದ್ದ ಹಾಲಜ್ಜಿ ಎಂಬ ಮುದುಕಿ ತಡೆದು ಹೇಳಿದಳು:

"ಓಡಿಬಂದ ಸೈನಿಕರಿಗೆ ನೀರು ಕೊಟ್ಟೋಳು ನಾನೇ ಕಣೆ. ಅಲ್ಲಿ ಮೂರು ಕಡೆ ಒಂದೇ ಪ್ರಶ್ನೆ ಕೇಳ್ತಾರಂತೆ, ಏನು ಕಂಡೆ ಅಂತ. ಅವರು ಉತ್ತರಾನ ಮನೆಯಿಂದ್ಲೇ ಕಟ್ಕೊಂಡು ಹೋಗಿದ್ರು. ನೀನು ಹಂಗೆ ಮಾಡಬೇಡ, ಕಂಡದ್ದನ್ನೇ ಹೇಳು."

ಮಾಳವ್ವ ಗುಡ್ಡ ಹತ್ತಿದಳು. ಹುಟ್ಟಿದಾಗಿನಿಂದ "ಹಾಳುಗಣಿ, ಹಾಳುಗಣಿ" ಎಂದು ಕೇಳಿ ಬೆಳೆದವಳು ಅವಳು. ಬೂದಿ, ಮುಳ್ಳು, ಮೂಳೆ ಇರುತ್ತವೆಂದುಕೊಂಡಿದ್ದಳು. ಮೇಲೆ ಹೋಗಿ ನೋಡಿದರೆ ಕಾಲು ಮುಂದೆ ಹೋಗದೆ ನಿಂತುಬಿಟ್ಟಿತು. ಅದಿರು ಹೊರುತ್ತಿದ್ದ ಬಂಡಿಯೊಂದರ ಚಕ್ರದೊಳಗಿನಿಂದ ಮತ್ತಿಮರ ಬೆಳೆದು, ಇಡೀ ಬಂಡಿಯನ್ನು ಆಳೆತ್ತರಕ್ಕೆ ಎತ್ತಿ ಹಿಡಿದಿತ್ತು. ಮುರಿದ ಗೋಡೆಗಳ ಮೇಲೆ ಪಾಚಿ ಮಕಮಲ್ಲಿನ ಹಾಗೆ ಹಬ್ಬಿತ್ತು. ಅಗೆದು ಗಾಯವಾದ ಕಡೆಯಲ್ಲೆಲ್ಲ ಗುಡ್ಡ ತನಗೆ ತಾನೇ ಹಸಿರು ಹಚ್ಚಿಕೊಂಡಿತ್ತು. ಇಷ್ಟು ಚೆಂದದ ಜಾಗವನ್ನು ಅವಳು ಕಂಡಿರಲಿಲ್ಲ.

ಮೊದಲು ಸಿಕ್ಕಿದ್ದು ಕುಲುಮೆಗಳ ಅಂಗಳ. ಚಿನ್ನ ಕರಗಿಸುತ್ತಿದ್ದ ನೂರು ಕುಲುಮೆ, ಒಂದೊಂದು ಬಾಯಲ್ಲೂ ಒಂದೊಂದು ಹೆಜ್ಜೇನು ತಟ್ಟಿ. ನೊಣಗಳೆಲ್ಲ ಎದ್ದು ದಾರಿಗೆ ಅಡ್ಡ ನಿಂತವು. ರಾಣಿನೊಣ ಕೇಳಿತು, "ಏನು ಕಂಡೆ?"

ಮೊದಲ ಸಲ ಬಂದ ಸೈನಿಕರು "ಹಾಳು ಒಲೆ ಕಂಡೆವು" ಅಂದು ಕಚ್ಚಿಸಿಕೊಂಡಿದ್ದರು. ಮಾಳವ್ವ ಹೇಳಿದಳು, "ಬೆಂಕಿ ಉಗುಳ್ತಿದ್ದ ಬಾಯಲ್ಲಿ ಜೇನು ಕಂಡೆ ತಾಯಿ. ಚಿನ್ನದ್ದೇ ಬಣ್ಣ, ಆದ್ರೆ ನೆಕ್ಕಬಹುದು."

ನೊಣಗಳು ನಕ್ಕವು, ದಾರಿ ಬಿಟ್ಟವು.

ಆಮೇಲೆ ಗಣಿಯ ಬಾಯಿ. ಅದರ ಮೇಲೆ ಮುದಿ ಆಲದಮರವೊಂದು ಕೂತು, ಬೇರುಗಳಿಂದ ಬಾಯನ್ನು ಹೆಣೆದು ಮುಚ್ಚಿತ್ತು. ಆಲ ಕೇಳಿತು, "ಏನು ಕಂಡೆ?"

ಎರಡನೆಯ ಸಲ ಕಂಬಳಿ ಹೊದ್ದು ನೊಣಗಳನ್ನು ದಾಟಿ ಬಂದ ಸೈನಿಕರು "ಅಡ್ಡಿ ಕಂಡೆವು" ಎಂದು ಕೊಡಲಿ ಎತ್ತಿದ್ದರು. ಒಂದು ಬೇರು ಕಡಿದರೆ ಹತ್ತು ಬೇರು ಹುಟ್ಟಿ ಅವರನ್ನು ಒದ್ದು ಓಡಿಸಿದ್ದವು. ಮಾಳವ್ವ ಬಗ್ಗಿ ಬಹಳ ಹೊತ್ತು ನೋಡಿದಳು.

"ಕೆಳಗಿಳಿಯೋಕೆ ಅಂತ ನಮ್ಮ ಹಿರಿಯರು ಇಲ್ಲೊಂದು ಏಣಿ ಇಟ್ಟಿದ್ರು ಅನ್ಸುತ್ತೆ ಅಜ್ಜ. ಏಣಿಯ ಮರ ಕೊಳೆತು ಹೋಗಿದೆ. ಆದ್ರೆ ಒಂದೊಂದು ಮೆಟ್ಟಿಲಿಗೂ ನಿನ್ನ ಬೇರು ಸುತ್ಕೊಂಡು ಬೆಳೆದಿದೆ. ಏಣಿ ಹೋದ್ರೂ ಮೆಟ್ಟಿಲು ನಿಂತಿರೋದನ್ನ ಕಂಡೆ."

"ಅರವತ್ತು ವರ್ಷ ಹಿಡಿಯಿತು ಅದಕ್ಕೆ," ಎಂದಿತು ಆಲ. "ಗಮನಿಸಿದವಳು ನೀನೊಬ್ಬಳೇ. ಇಳಿ." ಬೇರುಗಳು ಸರಿದವು, ಮಾಳವ್ವ ಬೇರಿನ ಮೆಟ್ಟಿಲು ಹಿಡಿದು ಇಳಿದಳು.

ಕೆಳಗೆ ನೀರು ತುಂಬಿದ ಸುರಂಗ. ಕಣ್ಣಿಗೆ ಬೆರಳಿಟ್ಟರೂ ತಿಳಿಯದ ಕತ್ತಲು. ನೀರಿನಿಂದ ಒಂದು ಮುದಿ ಆಮೆಯ ದನಿ ಬಂತು, "ಏನು ಕಂಡೆ?"

ಎರಡು ಕಡೆ ಮೆಚ್ಚಿಸಿ ಬಂದವಳಲ್ಲವೇ, ಇಲ್ಲೂ ಏನಾದರೂ ಸೊಗಸಾಗಿ ಹೇಳಿಬಿಡೋಣ ಎಂದು ನಾಲಗೆ ತುರಿಸಿತು. ಆದರೂ ಹಾಲಜ್ಜಿಯ ಮಾತಿಗೆ ಕಟ್ಟುಬಿದ್ದು ಅಂದಳು, "ಏನೂ ಕಾಣಿಸ್ತಿಲ್ಲ ತಾತ. ನಂಗೆ ಹೆದರಿಕೆ ಆಗ್ತಿದೆ."

"ಕೊನೇ ಸಲ ಬೇರಿನ ಸಂದಿಯಲ್ಲಿ ನುಸುಳಿ ಬಂದ ಸೈನಿಕರು ಚಿನ್ನ ಹೊಳೀತಿದೆ ಅಂದರು," ಎಂದಿತು ಆಮೆ. "ನೀರು ತುಂಬಿದಂದಿನಿಂದ ಇಲ್ಲಿದ್ದೀನಿ, ನನಗೇ ಏನೂ ಕಂಡಿಲ್ಲ. ಅವರನ್ನು ನೀರಿಗೆ ಕೆಡವಿದೆ. ನೀನು ಬೆನ್ನ ಮೇಲೆ ಕೂರು."

ಆಮೆ ಅವಳನ್ನು ಒಂದು ದೊಡ್ಡ ಗುಹೆಗೆ ತಲುಪಿಸಿತು. ಅದರ ಮಾಡು ಕುಸಿದು ಮೇಲಿನಿಂದ ಬಿಸಿಲು ಬೀಳುತ್ತಿತ್ತು. ಬಿಸಿಲಿಗೆ ಕಾಡುಮಲ್ಲಿಗೆ ಬಳ್ಳಿ ಜೋತುಬಿದ್ದು ಹೂ ಬಿಟ್ಟಿತ್ತು. ಸುತ್ತಲೂ ಕಲ್ಲಾದ ಜನ. ಒಬ್ಬನ ಅಂಗೈಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ನಡುವೆ ಕೆಂಚಪ್ಪ ಬಂಡೆಗೆ ಗುದ್ದಲಿ ಹಾಕುತ್ತಿದ್ದ, ಮೊಣಕಾಲಿನವರೆಗೆ ಕಲ್ಲಾಗಿದ್ದ. ಗೂಗೆಸಿದ್ಧ ಭರಣಿ ತಬ್ಬಿಕೊಂಡು ಕೂತಿದ್ದ.

"ಅಣ್ಣನ್ನ ಕರ್ಕೊಂಡು ಹೋಗೋಕೆ ಬಂದಿದ್ದೀನಿ," ಅಂದಳು ಮಾಳವ್ವ.

"ಕರ್ಕೊಂಡು ಹೋಗಮ್ಮ, ನಾನೇನು ಕಟ್ಟಿಹಾಕಿದ್ದೀನಾ?" ಅಂದ ಗೂಗೆಸಿದ್ಧ, ಬೆಣ್ಣೆಯಂಥ ದನಿಯಲ್ಲಿ. "ಹೊರಡುವಾಗ ಗುಡ್ಡಕ್ಕೆ ಒಂದು ಮಾತು ಹೇಳಿ ಹೋಗು, ಅಷ್ಟೇ. ಹೇಳದೆ ಕೇಳದೆ ಹೋಗೋ ಜನ ಅಲ್ಲವಲ್ಲ ನೀವು."

ಅವಳು ಅಣ್ಣನ ಕೈ ಹಿಡಿದ ಕೂಡಲೇ ಅವನ ಕಾಲಿಗೆ ಜೀವ ಬಂತು. ಇಬ್ಬರೂ ನಾಲ್ಕು ಹೆಜ್ಜೆ ಇಟ್ಟರು. ಮಾಳವ್ವ ತಿರುಗಿ, ಹೂ ಬಿಟ್ಟ ಗುಹೆಯನ್ನು ಕಣ್ತುಂಬ ನೋಡಿ, ಕೈಮುಗಿದು ಅಂದಳು, "ಬರ್ತೀವಮ್ಮ."

ಭರಣಿ ಠಣ್ ಅಂದಿತು. ಕೆಂಚಪ್ಪ ಕೈ ಬಿಡಿಸಿಕೊಂಡು ಹಿಂದೆ ಹೋಗಿ ಗುದ್ದಲಿ ಎತ್ತಿದ. ಮಾಳವ್ವನ ಪಾದವೂ ತಣ್ಣಗಾಗಿ ಬೂದುಬಣ್ಣಕ್ಕೆ ತಿರುಗಿತು. ಗೂಗೆಸಿದ್ಧ ಹೊಟ್ಟೆ ಹಿಡಿದು ನಕ್ಕ. "ಅಜ್ಜಂದಿರೂ ಹಿಂಗೇ ಸಿಕ್ಕಿಬಿದ್ದದ್ದು," ಅಂದ.

ಹೊತ್ತು ಮುಳುಗುತ್ತ ಬಂದು ಮೇಲಿನ ಬಿಸಿಲು ಆಗಲೇ ಗೋಡೆ ಹತ್ತುತ್ತಿತ್ತು. ಏನು ಹೇಳಬೇಕೆಂದು ಮಾಳವ್ವನಿಗೆ ಗೊತ್ತಾಯಿತು. ಆದರೆ ಹೇಳಲು ಬಾಯಿ ಬರಲಿಲ್ಲ. ಅಪಶಕುನದ ಮಾತೆಂಬ ಅಳುಕು ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದು: ಅವಳಿಗೆ ನಿಜವಾಗಿಯೂ ಮತ್ತೆ ಬರಬೇಕೆನ್ನಿಸಿತ್ತು. ಈ ಬಳ್ಳಿ, ಈ ಬೇರು, ಆ ಎತ್ತಿ ಹಿಡಿದ ಬಂಡಿ, ಎಲ್ಲವನ್ನೂ ಇನ್ನೊಮ್ಮೆ ನೋಡಬೇಕೆಂದು ಜೀವ ಎಳೆಯುತ್ತಿತ್ತು. ಅಣ್ಣನ ಸೊಂಟ ಕಲ್ಲಾಗುವುದನ್ನು ಕಂಡಳು. ಕಣ್ಣೀರು ಒರೆಸಿಕೊಳ್ಳದೆಯೇ ಹೇಳಿದಳು:

"ಹೋಗ್ತೀವಮ್ಮ. ಇನ್ನು ಬರೋದಿಲ್ಲ. ನಾವಿಲ್ದೇನೇ ನೀನು ಚೆನ್ನಾಗಿದ್ದೀಯ."

ಭರಣಿ ಒಡೆದು ಎರಡು ಹೋಳಾಯಿತು. ಒಳಗಿದ್ದ ಹಳೆಯ ಮಾತು ಗಾಳಿಯಾಗಿ ಹೋಯಿತು. ಮೂರು ತಲೆಮಾರು ದಾರಿ ಕಾದಿದ್ದ ಗುಡ್ಡ ನಿಧಾನವಾಗಿ ಅಂದಿತು, "ಹೋಗಿ ಮಕ್ಕಳೇ." ಕಲ್ಲಾದವರೆಲ್ಲ ಮೈಮುರಿದು ಎದ್ದರು. ಅಂಗೈಯಲ್ಲಿ ಗೂಡಿದ್ದವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿ, ಕೊನೆಗೆ ಬಂಡೆಯ ಸಂದಿಯಲ್ಲಿಟ್ಟ. ಗೂಗೆಸಿದ್ಧನಿಗೆ ಪುಕ್ಕ ಮೂಡಿ, ಅವನು ಹೆಸರಿಗೆ ತಕ್ಕ ಗೂಗೆಯಾಗಿ ಹಾರಿಹೋದ. ಹಳ್ಳಿಯಲ್ಲಿ ಅಂದು ಮನೆಮನೆಗೂ ಒಬ್ಬೊಬ್ಬರು ಮರಳಿದರು, ರಾಜನ ಕೆಮ್ಮೂ ವಾಸಿಯಾಯಿತು.

ಕೊಟ್ಟ ಮಾತಿನಂತೆ ಹಳ್ಳಿಯವರು ಯಾರೂ ಗುಡ್ಡ ಹತ್ತಲಿಲ್ಲ. ಮಾಳವ್ವ ಹೊಲದಲ್ಲಿ ನಿಂತು ದೂರದಿಂದಲೇ ನೋಡುತ್ತಿದ್ದಳು. ಗುಡ್ಡವಾದರೋ ತಾನು ಬರೋದಿಲ್ಲವೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ವರ್ಷಕ್ಕೆ ನಾಲ್ಕು ಮಾರು ಕಾಡು ಕೆಳಗಿಳಿಯುತ್ತ ಬಂತು. ಅವಳ ಕೂದಲು ನೆರೆತ ವರ್ಷ, ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸಲಿನ ಕಲ್ಲಿನ ಪಕ್ಕ ಒಂದು ಕಾಡುಮಲ್ಲಿಗೆ ಕುಡಿ ತಲೆಯೆತ್ತಿತ್ತು. ಮಾಳವ್ವ "ಬಾರಮ್ಮ" ಅಂದು ಹಬ್ಬಲು ಒಂದು ಕೋಲು ನೆಟ್ಟಳು. ಅವರ ರಾಗಿ ಅವರಿಗೆ ಸಾಕಾಯಿತು, ಅವರ ಕತೆ ನಮಗೆ ಸಾಕು.