ಕೊಬ್ರಿಯ ನಾರಿನ ಹಾಸಿಗೆ

ತೆಂಗಿನಕಾಯಿ ಕೂಡಿಡುವ ಅಟ್ಟದ ಕೆಳಗೆ ಹಗ್ಗ ಬಿಚ್ಚಿ ಬಿದ್ದಿತ್ತು. ನಾಯಿಮರಿ ಕೊಬ್ರಿ ಇರಲಿಲ್ಲ.

ಯೋಗಿತಾ ತೋಟವೆಲ್ಲ ಕೂಗಿ ಬಂದಳು. ತಾಯಿ ಸತ್ತು ಬೀದಿಯಲ್ಲಿ ಒರಲುತ್ತಿದ್ದ ಆ ನಾಯಿಮರಿಯನ್ನು ಅವಳೂ ಪಕ್ಕದ ಮನೆಯ ಧನ್ಯಶ್ರೀಯೂ ಸೇರಿ ಸಾಕಿದ್ದರು. ಇವತ್ತು ಧನ್ಯಳ ಮನೆಯವರು ಕೆಂಕೆರೆ ಬಿಟ್ಟು ತಿಪಟೂರಿಗೆ ಹೊರಟಿದ್ದರು. ಮರಿ ಯೋಗಿತಾಳ ಹತ್ತಿರವೇ ಇರಲಿ ಎಂದು ಮಾತಾಗಿತ್ತು. ಯೋಗಿತಾಳ ಅಪ್ಪ ಅಮ್ಮ ತುಮಕೂರಿನಲ್ಲಿ ದುಡಿಯುತ್ತಿದ್ದರು; ಅವಳು ಅಜ್ಜಿಯ ಜೊತೆಗಿದ್ದಳು. ಗೆಳತಿಯೂ ಹೋದ ಮೇಲೆ ಅವಳಿಗೆ ಆಟಕ್ಕೆ ಉಳಿಯುವುದು ಮರಿಯೊಂದೇ. ಈಗ ಅದೂ ಇಲ್ಲ. ಅಳು ಒತ್ತಿ ಬಂತು. ಆದರೆ ಕಳ್ಳನನ್ನು ಹಿಡಿಯಬೇಕಾದವರೇ ಅಳುತ್ತ ಕೂತರೆ ಆದೀತೆ?

ಮೊದಲ ಅನುಮಾನ ಕಾಯಿ ಸುಲಿಯುತ್ತಿದ್ದ ತಿಮ್ಮರಾಜುವಿನ ಮೇಲೆ. ಅವನ ಚಪ್ಪಲಿಯನ್ನು ಕೊಬ್ರಿ ನಿನ್ನೆ ತಾನೇ ಕಚ್ಚಿ ಹಾಳು ಮಾಡಿತ್ತು.

"ತಿಮ್ಮರಾಜಣ್ಣ, ನಮ್ ಮರೀನ ಎಲ್ಲಿ ಬಿಟ್ಬಂದ್ರಿ?"

"ನಾನ್ಯಾಕವ್ವ ಬಿಡ್ಲಿ? ಬೆಳಗ್ಗಿಂದ ನಿಂತ ಜಾಗ ಬುಟ್ಟು ಅಲ್ಲಾಡಿಲ್ಲ."

ಪಕ್ಕದಲ್ಲಿದ್ದ ಸುಲಿದ ಕಾಯಿಯ ರಾಶಿ ನೋಡಿದರೆ ಮಾತು ನಿಜವೆನಿಸಿತು.

ಎರಡನೆಯ ಅನುಮಾನ— ಅಜ್ಜಿ ಅಂಕಮ್ಮ.

"ಅಜ್ಜಿ, ಮರಿ ಕೋಳಿಗಳ್ನ ಅಟ್ಟಾಡಿಸ್ತದೆ ಅಂತ ದಿನಾ ಬೈತಿದ್ದೆ. ನೀನೇನಾ?"

"ಬೈಯೋದು ಬೇರೆ, ಬಿಸಾಕೋದು ಬೇರೆ ಕಣವ್ವ. ಈ ಮಂಡಿನೋವಲ್ಲಿ ಅದರ ಹಿಂದೆ ಓಡ್ಲಾ ನಾನು?"

ಮತ್ತೆ ಅಟ್ಟದ ಕೆಳಗೆ ಬಂದು ಕೂತಳು. ಮರಿ ಮಲಗುತ್ತಿದ್ದ ತೆಂಗಿನ ನಾರಿನ ನಡುವೆ ಒಂದು ಹಿಡಿಯಷ್ಟು ಖಾಲಿ. ಮರಿಯೇ ಕೆದರಿರಬೇಕು ಎಂದು ಬೆಳಗ್ಗೆ ಸುಮ್ಮನಾಗಿದ್ದಳು. ಕೆದರಿದ್ದರೆ ಸುತ್ತ ನಾರು ಚೆಲ್ಲಿರಬೇಕಲ್ಲ? ಒಂದೆಳೆಯೂ ಇರಲಿಲ್ಲ.

ಯೋಗಿತಾ ಎದ್ದು ಓಡಿದಳು.

ಪಕ್ಕದ ಮನೆಯ ಮುಂದೆ ಟೆಂಪೊ ತುಂಬಿತ್ತು. ಹಾಸಿಗೆ ಗಂಟಿನ ಮೇಲೆ ಧನ್ಯ ಕೂತಿದ್ದಳು, ಮಡಿಲಲ್ಲಿ ಟವೆಲ್ ಮುಚ್ಚಿದ ಬುಟ್ಟಿ.

"ಕೊಬ್ರೀನ ತಗೊಂಡಿದ್ದು ನೀನೇ ಕಣೇ. ಕರು ಮಾರಿದಾಗ ಅಜ್ಜಿ ಕೊಟ್ಟಿಗೆ ಹುಲ್ಲನ್ನ ಒಂದು ಹಿಡಿ ಜೊತೇಲಿ ಕಳಿಸಿದ್ರು. ಹಳೇ ಜಾಗದ ವಾಸ್ನೆ ಇದ್ರೆ ಹೊಸ ಮನೇಲಿ ಕೊರಗಲ್ಲ ಅಂದ್ರು. ಅವತ್ತು ನೀನೂ ಅಲ್ಲೇ ಇದ್ದೆ. ಬಿಸಾಕೋರು ಯಾರಾದ್ರೂ ನಾರು ತಗೊಂಡೋಗ್ತಾರಾ?"

ಧನ್ಯ ಟವೆಲ್ ಸರಿಸಿದಳು. ಕೊಬ್ರಿ ನಾರಿನ ಮೇಲೆ ನಿದ್ದೆ ಹೋಗಿತ್ತು.

"ಅಲ್ಲಿ ನಂಗೆ ಯಾರೂ ಗೊತ್ತಿಲ್ಲ ಕಣೇ," ಎಂದಳು. ಆಮೇಲೆ ಬುಟ್ಟಿಯನ್ನು ಮುಂದೆ ಚಾಚಿದಳು. "ಬೇಕಾದ್ರೆ ತಗೋ."

ಇಲ್ಲಿ ನನಗಾದರೂ ಯಾರಿದ್ದಾರೆ? ಕೇಳಬೇಕೆಂದು ಯೋಗಿತಾ ಬಾಯಿ ತೆರೆದಳು. ಆದರೆ ಬುಟ್ಟಿಯನ್ನು ಧನ್ಯಳ ಮಡಿಲಿಗೇ ತಳ್ಳಿದಳು.

"ಬಿಸಿ ಹಾಲು ಕುಡಿಯಲ್ಲ ಅದು. ಆರಿಸಿ ಕೊಡು."

ಟೆಂಪೊ ಹೊರಟಿತು. ರಸ್ತೆ ಖಾಲಿಯಾಗುವವರೆಗೂ ನಿಂತಿದ್ದು ಯೋಗಿತಾ ಮನೆಗೆ ಬಂದಳು. ಅಜ್ಜಿ ಜಗಲಿಯಿಂದಲೇ ಕೇಳಿದಳು:

"ಸಿಕ್ಕಿದ್ನೇನವ್ವ ಕಳ್ಳ?"

"ಇಲ್ಲ ಅಜ್ಜಿ," ಎಂದಳು ಯೋಗಿತಾ. "ಹುಡುಕೋದು ಬಿಟ್ಟೆ."